ಎಣ್ಣೆ ಕೈಗೆ ಯಾರೂ ಕೆಲಸ ಹೇಳುವುದಿಲ್ಲ

ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ರಜೆ ಎಷ್ಟು ಎಂದು ಕೇಳಿದರೆ ಉತ್ತರ ಸುಲಭ. ಭಾನುವಾರವಂತೂ ಇದ್ದೇ ಇದೆ. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರವೂ ಸೇರಿಕೊಂಡಿದೆ. ಆ ರಜೆಯಲ್ಲಿ ನಿನಗೆಂದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ನೀರಿನ ಫಿಲ್ಟರ್ ಸರಿಮಾಡುವವನು ಬರುವುದು ಶನಿವಾರ, ಮಗಳ ಕಾಲೇಜಿನ ಪೋಷಕರ ಸಭೆ ಶನಿವಾರ, ಅತ್ತೆಯವರ ಕಣ್ಣಿನ ತಪಾಸಣೆ ಶನಿವಾರ. "ಹೇಗೂ ಮನೆಯಲ್ಲೇ ಇರುತ್ತೀಯಲ್ಲ" ಎಂಬ ಒಂದೇ ಮಾತಿನಲ್ಲಿ ರಜೆ ಹಂಚಿಹೋಗಿರುತ್ತದೆ.

ಹಾಗಾಗಿ ಕಳೆದ ಎರಡು ವರ್ಷಗಳಲ್ಲಿ ಒಂದಾದ ಮೇಲೊಂದರಂತೆ ಬೇರೆ ಬೇರೆ ಹೊತ್ತನ್ನು ನನ್ನದಾಗಿಸಿಕೊಳ್ಳಲು ನೋಡಿದೆ. ನಸುಕಿನ ಒಂದು ಗಂಟೆ, ಎಲ್ಲರೂ ಮಲಗಿದ ಮೇಲಿನ ರಾತ್ರಿ, ಕಚೇರಿಗೆ ಹೋಗಿಬರುವ ದಾರಿ, ಶನಿವಾರದ ಸಂಗೀತ ಪಾಠ, ಮಲೆನಾಡಿನ ಹೋಂಸ್ಟೇ, ಭಾನುವಾರದ ಎಣ್ಣೆಸ್ನಾನ. ಒಂದೊಂದಕ್ಕೂ ಸಾಕಷ್ಟು ದಿನ ಅವಕಾಶ ಕೊಟ್ಟಿದ್ದೇನೆ. ಹೋಂಸ್ಟೇಗೆ ಮಾತ್ರ ಹಾಗೆ ಧಾರಾಳವಾಗಿ ಕೊಡುವಷ್ಟು ಸಂಬಳವಿಲ್ಲ.

ಹೋಲಿಸಬೇಕಾದರೆ ಒಂದು ಅಳತೆ ಬೇಕಲ್ಲ. ಸಬೀನಾ ಸೊನ್ನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 2007ರಲ್ಲಿ, ದುಡಿದು ದಣಿದವರು ಬಿಡುವಿನಲ್ಲಿ ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಅಳೆಯಲು ಒಂದು ಪ್ರಶ್ನಾವಳಿ ರೂಪಿಸಿದರು. ಅವರು ಹಿಡಿದ ಎಳೆಗಳು ನಾಲ್ಕು: ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು, ಮೈಮನ ಸಡಿಲವಾಗುವುದು, ಕಚೇರಿಗೆ ಸಂಬಂಧವಿಲ್ಲದ ಏನನ್ನಾದರೂ ಕಲಿತು ಪಳಗುವುದು, ಆ ಹೊತ್ತಿನಲ್ಲಿ ಏನು ಮಾಡಬೇಕೆಂಬ ತೀರ್ಮಾನ ತನ್ನದೇ ಆಗಿರುವುದು. ನಾಲ್ಕೂ ಒಪ್ಪುವಂಥವೇ. ಆದರೆ ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಯನ್ನು ಬಲ್ಲವರು ಐದನೆಯದೊಂದನ್ನು ಸೇರಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ "ಈಗ ಆಗುವುದಿಲ್ಲ" ಎನ್ನಬಹುದೇ? ಎಂದರೆ ಮನೆ ಅದನ್ನು ಒಪ್ಪುತ್ತದೆಯೇ? ನನ್ನ ತಕ್ಕಡಿಯಲ್ಲಿ ಉಳಿದ ನಾಲ್ಕಕ್ಕಿಂತ ಇದೇ ಹೆಚ್ಚು ತೂಗಿತು.

ನಸುಕು ಮತ್ತು ನಡುರಾತ್ರಿ

ಎರಡೂ ನಿದ್ದೆಯಿಂದ ಸಾಲ ತಂದ ಹೊತ್ತುಗಳು, ಹಾಗಾಗಿ ಒಟ್ಟಿಗೇ ಹೋಲಿಸುತ್ತೇನೆ.

ನಸುಕನ್ನು ಹೊಗಳದ ಹಿರಿಯರಿಲ್ಲ. ಐದಕ್ಕೆ ಎದ್ದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮುಖ ತೊಳೆದು, ಲೋಟ ಹಿಡಿದು ತಾರಸಿಗೆ ಹೋದರೆ ಬೆಂಗಳೂರಿನ ಬನಶಂಕರಿಯಂಥ ಬನಶಂಕರಿಯೂ ಊರಿನಂತೆ ಕಾಣುತ್ತದೆ. ವಾಹನಗಳ ಸದ್ದಿಲ್ಲ, ಹಾಲಿನ ಪೊಟ್ಟಣಗಳ ಕ್ರೇಟು ಇಳಿಸುವ ಸದ್ದು ಮಾತ್ರ. ಕಾಫಿಯನ್ನು ಬಿಸಿಯಾಗಿಯೇ ಕುಡಿದು ಮುಗಿಸುವುದು ಎಷ್ಟು ದೊಡ್ಡ ಸುಖ ಎಂಬುದು, ಆರಿದ ಕಾಫಿಯನ್ನು ಎರಡೆರಡು ಬಾರಿ ಕಾಯಿಸಿ ಕುಡಿಯುವವರಿಗೇ ಗೊತ್ತು.

ತೊಡಕು ಎರಡು. ಮೊದಲನೆಯದು ನೀರು. ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಅದೂ ಹೆಚ್ಚಾಗಿ ನಸುಕಿನಲ್ಲೇ. ಆ ದಿನ ಸಂಪು ತುಂಬಿತೇ ನೋಡಬೇಕು, ಮೋಟಾರು ಹಾಕಬೇಕು, ಮೇಲಿನ ಟ್ಯಾಂಕು ಉಕ್ಕುವ ಮುನ್ನ ಆರಿಸಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಮನೆಯಲ್ಲಿ ಒಬ್ಬಳು ಬೇಗ ಏಳುತ್ತಾಳೆ ಎಂದು ಗೊತ್ತಾದ ಕೂಡಲೇ ಇಡೀ ಮನೆಯ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗುತ್ತದೆ. "ಅಮ್ಮಾ, ನೀನು ಹೇಗೂ ಎದ್ದಿರುತ್ತೀಯಲ್ಲ, ನನ್ನನ್ನೂ ಐದೂಕಾಲಿಗೆ ಎಬ್ಬಿಸು, ಅಕೌಂಟೆನ್ಸಿ ಓದಬೇಕು" ಎಂದಳು ಮಗಳು. ನಮ್ಮವರು ತಿಂಡಿಯನ್ನು ಏಳಕ್ಕೇ ಮುಗಿಸಿ ಹೊರಟರೆ ಸಿಲ್ಕ್ ಬೋರ್ಡ್ ದಾಟುವುದು ಸುಲಭ ಎಂದು ಕಂಡುಕೊಂಡರು. ಅತ್ತೆಯವರು, ಪಾಪ, ಏನೂ ಕೇಳಲಿಲ್ಲ. ಆದರೆ ಅವರು ಎಚ್ಚರವಾಗಿದ್ದಾರೆಂದು ತಿಳಿದ ಮೇಲೆ ನಾನೊಬ್ಬಳೇ ಕಾಫಿ ಕುಡಿಯುವುದಾದರೂ ಹೇಗೆ? ತಿಂಗಳು ತುಂಬುವಷ್ಟರಲ್ಲಿ ನನ್ನ ನಸುಕು ಮನೆಯವರೆಲ್ಲರ ಬೆಳಗಾಗಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರ ಮನೆಯಿಂದ ಹೊರಬೀಳುವುದು. ವಾರದ ದಿನ ಅದು ಆಗದ ಮಾತು. ಭಾನುವಾರ ಮೆಟ್ರೊ ಶುರುವಾಗುವುದು ತಡವಾಗಿ, ಹಾಗಾಗಿ ಆಟೊ ಹಿಡಿದು ಲಾಲ್‌ಬಾಗಿಗೆ ಹೋಗುತ್ತಿದ್ದೆ. ಹೈದರಾಲಿ 1760ರಲ್ಲಿ ಶುರುಮಾಡಿಸಿದ ತೋಟ, ಈಗ ಸುಮಾರು 240 ಎಕರೆ. ಎಲ್ಲರೂ ಗಾಜಿನ ಮನೆಯ ಸುತ್ತ, ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ನನಗೆ ಇಷ್ಟವಾದದ್ದು ಕೆಂಪೇಗೌಡರ ಗೋಪುರ ಇರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಕಲ್ಲಿನ ಮೇಲೆ ಕುಳಿತು ವಿಮೆ ಮಾರಾಟದ ಗುರಿಯ ಬಗ್ಗೆ ಚಿಂತಿಸಲು ಯತ್ನಿಸಿದರೂ ಆಗುವುದಿಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಜಾಲಾಡಿದ ಅಧ್ಯಯನವೊಂದು, ವಾರಕ್ಕೆ 120 ನಿಮಿಷವಾದರೂ ಗಿಡಮರಗಳ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿಕೊಳ್ಳುವುದು ಹೆಚ್ಚು ಎಂದು ಕಂಡುಕೊಂಡಿತು. ಆ 120 ನಿಮಿಷವನ್ನು ಒಂದೇ ಸಲ ಕಳೆದರೂ ಸರಿ, ತುಂಡು ತುಂಡಾಗಿ ಕಳೆದರೂ ಸರಿಯಂತೆ. ಒಂದು ಎಚ್ಚರಿಕೆ: ಸಹೋದ್ಯೋಗಿಯ ಜೊತೆ ಹೋಗಬೇಡಿ. ಪಶ್ಚಿಮ ದ್ವಾರದ ಬಳಿ ಬೂದುಗುಂಬಳದ ರಸ ಕುಡಿಯುವಷ್ಟರಲ್ಲಿ ಮಾತು ವರ್ಗಾವಣೆ ಪಟ್ಟಿಗೆ ಬಂದಿರುತ್ತದೆ.

ಇನ್ನು ರಾತ್ರಿ. ಅಡುಗೆಕಟ್ಟೆ ಒರೆಸಿ, ದೋಸೆಹಿಟ್ಟು ಮುಚ್ಚಿಟ್ಟು, ಹಾಲಿಗೆ ಹೆಪ್ಪು ಹಾಕಿ ಬಂದರೆ ಹತ್ತೂವರೆ. ಆಮೇಲೆ ಕರೆಯುವವರಿಲ್ಲ, ಕೇಳುವವರಿಲ್ಲ. ಸೋಫಾದ ಮೂಲೆ, ಕೈಯಲ್ಲಿ ಮೊಬೈಲ್. ಯಾರದೋ ಮದುವೆಯ ಆರತಕ್ಷತೆ, ಯಾರೋ ಕರಿಯುವ ಮಿರ್ಚಿ, ಯಾವುದೋ ಸೀರೆಯ ಅಂಚು. ಬೆರಳು ತಳ್ಳುತ್ತಲೇ ಇರುತ್ತದೆ, ಕಣ್ಣು ನೋಡುತ್ತಲೇ ಇರುತ್ತದೆ, ಹನ್ನೆರಡೂವರೆಗೆ ಏನು ನೋಡಿದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಹೊರಗಿನ ಕಾರಣ ಯಾವುದೂ ಇಲ್ಲದೆ ಮಲಗುವುದನ್ನು ಮುಂದೂಡುವವರ ಬಗ್ಗೆ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಬರೆದಿದ್ದಾರೆ. ಸ್ವನಿಯಂತ್ರಣ ಕಡಿಮೆ ಇರುವವರಲ್ಲಿ ಈ ಅಭ್ಯಾಸ ಹೆಚ್ಚು ಎಂಬುದು ಅವರ ಅಂಬೋಣ. ಇರಬಹುದು. ಆದರೆ ಹಗಲಿಡೀ ಟೋಕನ್ ಸಂಖ್ಯೆಗೂ ಕುಕ್ಕರಿನ ಕೂಗಿಗೂ ಓಗೊಟ್ಟು ನಿಯಂತ್ರಣದಲ್ಲೇ ಇದ್ದವಳಿಗೆ ಆ ಎರಡು ಗಂಟೆ ಸ್ವಲ್ಪ ಅಂಕೆ ತಪ್ಪುವ ಆಸೆಯಾದರೆ ಅದನ್ನು ಬರೀ ದೌರ್ಬಲ್ಯ ಎನ್ನಲು ನನಗೆ ಮನಸ್ಸಿಲ್ಲ.

ತೀರ್ಮಾನ ತನ್ನದೇ ಎಂಬ ಅಳತೆಯಲ್ಲಿ ಹಾಗಾಗಿ ರಾತ್ರಿಗೆ ನಸುಕಿಗಿಂತ ಹೆಚ್ಚು ಅಂಕ. ಉಳಿದೆಲ್ಲದರಲ್ಲೂ ಅದು ನೆಲಕಚ್ಚುತ್ತದೆ. ಮಲಗುವ ಹೊತ್ತಿಗೆ ಶಾಖೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಎಲ್ಲರೂ ನಾಳೆ ಹತ್ತರೊಳಗೆ ಪಟ್ಟಿ ಕಳುಹಿಸಿ" ಎಂಬ ಒಂದು ಸಾಲು ಬಿದ್ದರೆ ಮುಗಿಯಿತು, ಮನಸ್ಸು ಮತ್ತೆ ಕೌಂಟರಿನಲ್ಲಿ. ಮರುದಿನ ನೋಟು ಎಣಿಸುವ ಯಂತ್ರದ ಮುಂದೆ ಆಕಳಿಕೆ, ಸಂಜೆ ನಗದು ತಾಳೆಯಾಗದಿದ್ದರೆ ಸಿಡುಕು. ಮನೆಯವರಿಗೆ ಕಾಣದಂತೆ ಕದ್ದ ಹೊತ್ತಿನ ಬಡ್ಡಿಯನ್ನು ಮನೆಯವರೇ ತೆರಬೇಕಾಗುತ್ತಿತ್ತು.

ಮೆಟ್ರೊ, ಬಸ್ಸು ಮತ್ತು ಒಂದು ಕಲ್ಲುಬೆಂಚು

ನನ್ನ ಶಾಖೆ ಇರುವುದು ಕಬ್ಬನ್ ಪಾರ್ಕಿನ ಆಚೆ ಬದಿಗೆ. ಬನಶಂಕರಿಯಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಬೇಗ ತಲುಪುತ್ತೇನೆ. ಬೇಗ ಎಂಬುದೊಂದೇ ಅದರ ಗುಣ. ಮೆಜೆಸ್ಟಿಕ್ಕಿನ ಮೆಟ್ಟಿಲುಗಳಲ್ಲಿ ಜನ ಜನರನ್ನು ಹೊತ್ತು ಸಾಗುತ್ತಾರೆ. ನಿಂತುಕೊಂಡು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಊಟದ ಡಬ್ಬಿಯ ಚೀಲ, ಪುಸ್ತಕ ತೆರೆಯಲು ಮೂರನೆಯ ಕೈ ಬೇಕು. 2025ರ ಫೆಬ್ರುವರಿಯಲ್ಲಿ ದರ ಏರಿ ಗರಿಷ್ಠ 60 ರೂಪಾಯಿ ಇದ್ದದ್ದು 90 ಆದ ಮೇಲೆ ತಿಂಗಳ ಖರ್ಚಿನಲ್ಲೂ ಅದು ಕಣ್ಣಿಗೆ ಬೀಳತೊಡಗಿತು.

ಬಸ್ಸಿನಲ್ಲಿ ಅದಕ್ಕಿಂತ ಬಹಳ ಹೊತ್ತು ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನನಗೆ ಟಿಕೆಟ್ಟಿನ ದುಡ್ಡಿಲ್ಲ. ಆಧಾರ್ ತೋರಿಸಿದರೆ ಶೂನ್ಯ ದರದ ಚೀಟಿ. ಬನಶಂಕರಿಯಲ್ಲೇ ಹತ್ತುವುದರಿಂದ ಕಿಟಕಿ ಪಕ್ಕದ ಸೀಟು ಸಿಕ್ಕೇ ಸಿಗುತ್ತದೆ. ಮಿನರ್ವ ವೃತ್ತದಲ್ಲಿ ಒಂದಿಷ್ಟು ಹೊತ್ತು, ಪುರಭವನದ ಮುಂದೆ ಇನ್ನಷ್ಟು ಹೊತ್ತು, ಕಾರ್ಪೊರೇಷನ್ ವೃತ್ತದಲ್ಲಿ ಚಾಲಕ ಎಂಜಿನ್ ಆರಿಸಿ ಕೈಕಟ್ಟಿ ಕೂರುವಷ್ಟು ಹೊತ್ತು. ಮೊದಮೊದಲು ಇದು ಹಿಂಸೆ ಎನಿಸುತ್ತಿತ್ತು. ಆಮೇಲೆ ಬಸ್ಸು ನಿಂತಾಗ ನಾನು ಏನೂ ಮಾಡಬೇಕಾಗಿಲ್ಲ ಎಂಬುದು ಹೊಳೆಯಿತು. ಬೇಗ ಹೋಗು ಎಂದು ನನ್ನನ್ನು ಯಾರೂ ದಬಾಯಿಸುವಂತಿಲ್ಲ. ಬೆಂಗಳೂರಿನಲ್ಲಿ ಯಾವ ತಡಕ್ಕೂ ಜನ ಕಾರಣ ಕೇಳಬಹುದು, ಟ್ರಾಫಿಕ್ ಎಂದ ಮೇಲೆ ಮರುಪ್ರಶ್ನೆ ಇಲ್ಲ. ಈ ಊರಿನಲ್ಲಿ ಅದೊಂದೇ ಸರ್ವಸಮ್ಮತವಾದ ಕ್ಷಮೆ.

ಆ ಕ್ಷಮೆಯನ್ನು ಸ್ವಲ್ಪ ಹಿಗ್ಗಿಸಿದರೇನು ಎನಿಸಿ, ಸಂಜೆ ಕೆಲಸ ಮುಗಿದ ಮೇಲೆ ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತು ಹೋಗತೊಡಗಿದೆ. 1870ರಲ್ಲಿ, ಆಗಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಸಾಹೇಬರ ಕಾಲದಲ್ಲಿ ರೂಪುಗೊಂಡ ಈ ಉದ್ಯಾನಕ್ಕೆ ಕಾಗದಪತ್ರಗಳಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರು. ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಕಟ್ಟಡ ಎದುರಿಗಿರುವಂತೆ ಕೂತರೆ, ಬಿದಿರಿನ ಮೆಳೆಯಲ್ಲಿ ಗಾಳಿಯಾಡುವ ಸದ್ದು ರಸ್ತೆಯ ಹಾರ್ನ್ ಸದ್ದನ್ನು ಅರ್ಧ ನುಂಗಿಬಿಡುತ್ತದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕರು ದಿನಾ ಬೂಟು ಕಳಚಿಟ್ಟು ಹುಲ್ಲಿನ ಮೇಲೆ ಪಾದ ಊರಿ ಕೂರುತ್ತಿದ್ದರು. ನಾನೂ ಚಪ್ಪಲಿ ಬಿಟ್ಟು ಕೂತೆ. ಮೈ ಸಡಿಲವಾಗುವುದಕ್ಕೆ ಈ ಇಪ್ಪತ್ತು ನಿಮಿಷದಷ್ಟು ಅಗ್ಗದ ಉಪಾಯ ಇನ್ನೊಂದು ಕಾಣೆ.

ಆದರೂ ಇದಕ್ಕೆ ಮೊದಲ ಸ್ಥಾನ ಕೊಡಲಾರೆ. ಮನೆಗೆ "ಟ್ರಾಫಿಕ್" ಎಂದು ಹೇಳಿ ಪಡೆದ ಹೊತ್ತು ಅದು. ಕಿವಿ ಒಂದು ಮೊಬೈಲಿನ ಕಡೆಗೇ ಇರುತ್ತದೆ. ಕರೆ ಬಂದರೆ ಹಿನ್ನೆಲೆಯಲ್ಲಿ ಹಕ್ಕಿಯ ಸದ್ದು ಕೇಳಿಸೀತೇ ಎಂಬ ಅಳುಕು ಬೇರೆ. ಹೀಗೆ ಕದ್ದುಮುಚ್ಚಿ ಕೂರಬೇಕಾದದ್ದೇಕೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂದಾಗ ಸರ್ಕಾರದ ಲೆಕ್ಕ ನೆನಪಾಗುತ್ತದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಆ ಕೆಲಸ ಮಾಡುವ ಗಂಡಸರು 88 ನಿಮಿಷ. ನಮ್ಮವರಿಗೆ ಈ ಅಂಕಿ ಓದಿ ಹೇಳಿದೆ. "ನಾನು ಆ 88ಕ್ಕಿಂತ ಹೆಚ್ಚೇ ಮಾಡುತ್ತೇನೆ" ಎಂದರು. ಮಾಡುತ್ತಾರೆ, ಸುಳ್ಳಲ್ಲ. ಆದರೆ ಅವರು ಸ್ನೇಹಿತರ ಜೊತೆ ಕಾಫಿ ಕುಡಿದು ತಡವಾಗಿ ಬಂದಾಗ ಟ್ರಾಫಿಕ್ಕನ್ನು ಅಡ್ಡ ತರುವುದಿಲ್ಲ, "ಕಾಫಿಗೆ ಹೋಗಿದ್ದೆ" ಎಂದೇ ಹೇಳುತ್ತಾರೆ. ನನ್ನ ಆ ಐದನೆಯ ಅಳತೆ ಇಷ್ಟೇ.

ಪಾಠಕ್ಕೆ ಹೊರಟವಳನ್ನು ಯಾರೂ ತಡೆಯುವುದಿಲ್ಲ

ಶನಿವಾರ ಸಂಜೆ ಐದಕ್ಕೆ ಪಕ್ಕದ ಬಡಾವಣೆಯಲ್ಲಿ ಸಂಗೀತ ಪಾಠ. ನಲವತ್ತು ದಾಟಿದ ಮೇಲೆ ಮಾಯಾಮಾಳವಗೌಳದ ಸರಳೆ ವರಸೆ. ಎದುರಿಗೆ ಕೂತ ಸಹಪಾಠಿಗೆ ಒಂಬತ್ತು ವರ್ಷ, ಅವಳ ಜಂಟಿ ವರಸೆ ನನ್ನದಕ್ಕಿಂತ ಚೆನ್ನಾಗಿತ್ತು.

ಮನಸ್ಸು ಕೆಲಸದಿಂದ ಕಳಚಿಕೊಳ್ಳುವ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತಿರಬೇಕು, ಬಾಯಿ ಮೂರನೆಯ ಕಾಲದಲ್ಲಿ ಸ್ವರ ಹೇಳುತ್ತಿರಬೇಕು, ಕಿವಿ ಶ್ರುತಿಪೆಟ್ಟಿಗೆಯ ಷಡ್ಜದ ಮೇಲಿರಬೇಕು. ಇದರ ನಡುವೆ ಒಂದು ಕ್ಷಣ ಲಾಕರ್ ಕೀಲಿ ಎಲ್ಲಿಟ್ಟೆ ಎಂದು ಯೋಚಿಸಿದಿರೋ, ಕಿರುಬೆರಳಿನ ಜಾಗದಲ್ಲಿ ಉಂಗುರಬೆರಳು ಮಡಿಸಿರುತ್ತೀರಿ, ಟೀಚರ್ ಹುಬ್ಬೇರಿಸಿರುತ್ತಾರೆ. ಪಾಠ ಮುಗಿಸಿ ಹೊರಬಂದಾಗ ಮೈ ದಣಿದಿದ್ದರೂ ತಲೆ ತೊಳೆದಿಟ್ಟಷ್ಟು ಹಗುರ. ಕಲಿತು ಪಳಗುವ ಅಂಶದಲ್ಲಂತೂ ಉಳಿದ ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ.

ಮನೆಯವರು ಒಪ್ಪುವುದರಲ್ಲೂ ಇದು ಮುಂದು, ಮತ್ತು ಅದರ ಕಾರಣ ಸ್ವಾರಸ್ಯಕರ. ಫೀಸು ಕಟ್ಟಿದೆ, ಅಲ್ಲೊಬ್ಬರು ಕಾಯುತ್ತಿರುತ್ತಾರೆ. "ಅವಳಿಗೆ ಕ್ಲಾಸಿದೆ" ಎಂದರೆ ಬಂದ ನೆಂಟರೂ ತಲೆದೂಗುತ್ತಾರೆ. ಅದೇ ಒಂದು ಗಂಟೆ ಸುಮ್ಮನೆ ಮಲಗುತ್ತೇನೆ ಎಂದರೆ ಮೈ ಸರಿಯಿಲ್ಲವೇ ಎಂದು ಕೇಳುತ್ತಾರೆ. ಏನಾದರೂ ಮಾಡುವುದಕ್ಕೆ ಮನೆ ಬಿಡುವು ಕೊಡುತ್ತದೆ, ಏನೂ ಮಾಡದಿರುವುದಕ್ಕೆ ಕೊಡುವುದಿಲ್ಲ.

ಪಾಠ ಕೆಟ್ಟದ್ದು ಪರೀಕ್ಷೆಯಿಂದ. ವರ್ಷ ಕಳೆದ ಮೇಲೆ "ಜೂನಿಯರ್‌ಗೆ ಕಟ್ಟಿಬಿಡಿ" ಎಂದರು ಟೀಚರ್. ಕಟ್ಟುವ ಮಾತು ಬಂದದ್ದೇ ತಡ, ಶಾಸ್ತ್ರದ ಪಾಠ, ತಾಳಗಳ ಲೆಕ್ಕ, ದಿನಾ ಅಭ್ಯಾಸ. ಕಚೇರಿಯಲ್ಲೊಂದು ಗುರಿಯ ಪಟ್ಟಿ, ಮನೆಯಲ್ಲೊಂದು ಗುರಿಯ ಪಟ್ಟಿ. ಅಭ್ಯಾಸ ಮಾಡದ ವಾರ ಶನಿವಾರ ಬರುವುದೇ ಬೇಡ ಎನಿಸುತ್ತಿತ್ತು. ಕೊನೆಗೆ ಪರೀಕ್ಷೆ ಬೇಡ, ಹಾಡಲು ಮಾತ್ರ ಬರುತ್ತೇನೆ ಎಂದು ಟೀಚರ್ ಬಳಿ ಹೇಳಿದೆ. ಅವರು ಸ್ವಲ್ಪ ಮುಖ ಸಣ್ಣದು ಮಾಡಿದರೂ ಒಪ್ಪಿದರು. ಈಗ ತಿಂಗಳಿಗೆ ಎರಡು ಬಾರಿ ಹೋಗುತ್ತೇನೆ.

ಸಕಲೇಶಪುರದ ಎರಡು ದಿನ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದೂ ಬೇಗ ಮುಗಿಯುತ್ತದೆ.

ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರವಾದ ಮೇಲೆ ಹೋದರೆ ಕಾಫಿ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಮಳೆಗಾಲದಲ್ಲಿ ಹೋದರೆ ಕಾಲಿಗೆ ಇಂಬಳ. ಬಿಸಿ ಕಡುಬು, ಅಕ್ಕಿರೊಟ್ಟಿ, ಮೊಬೈಲಿಗೆ ಸಿಗ್ನಲ್ ಇಲ್ಲ. ಸಂಸಾರ ಸಮೇತ ಹೋದಾಗ ಅಲ್ಲಿಯೂ ನಾನು ನಾನೇ: ಅತ್ತೆಯವರ ಬಿಪಿ ಮಾತ್ರೆ ಯಾವ ಚೀಲದಲ್ಲಿದೆ, ಮಗಳ ಸ್ವೆಟರ್ ಎಲ್ಲಿ, ಇವರ ಚಾರ್ಜರ್ ಎಲ್ಲಿ. ಅಡುಗೆ ಮಾಡಲಿಲ್ಲ ಎಂಬುದೊಂದೇ ವ್ಯತ್ಯಾಸ. ಇಬ್ಬರು ಗೆಳತಿಯರ ಜೊತೆ ಹೋದಾಗ ಮಾತ್ರ ಅದು ಬೇರೆಯದೇ ಲೋಕ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಆರಾಮಕುರ್ಚಿಯಲ್ಲಿ ಮೂವರೂ ನಿದ್ದೆಹೋದೆವು, ಎದ್ದಾಗ ಕತ್ತಲಾಗಿತ್ತು, ಯಾರಿಗೂ ಯಾವ ಅಪರಾಧ ಭಾವವೂ ಇರಲಿಲ್ಲ.

ಆ ಸುಖದ ಆಯಸ್ಸು ಎಷ್ಟು? ನೆದರ್‌ಲ್ಯಾಂಡ್ಸ್‌ನ ಯೆಸಿಕಾ ದೆ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ ಮೂರು ವಾರಕ್ಕೂ ಹೆಚ್ಚು ರಜೆ ಹಾಕಿದವರಲ್ಲೂ ನೆಮ್ಮದಿ ಶಿಖರ ಮುಟ್ಟಿದ್ದು ಎಂಟನೆಯ ದಿನದ ಹೊತ್ತಿಗೆ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಇಳಿದು ಮೊದಲಿದ್ದಲ್ಲಿಗೆ ಬಂತು. ನಮ್ಮದು ಎರಡೇ ದಿನ. ಅದು ಇಳಿಯುವುದಕ್ಕೆ ವಾರ ಬೇಕಿರಲಿಲ್ಲ, ಭಾನುವಾರ ಸಂಜೆ ನೆಲಮಂಗಲದಲ್ಲಿ ಸಾಲುಗಟ್ಟಿ ನಿಂತ ಕಾರುಗಳೇ ಸಾಕಾದವು. ಮನೆಗೆ ಬಂದರೆ ಒಗೆಯುವ ಬಟ್ಟೆಯ ರಾಶಿ. ವರ್ಷಕ್ಕೊಮ್ಮೆ ಗೆಳತಿಯರ ಜೊತೆ ಹೋಗುವುದನ್ನು ಬಿಡುವುದಿಲ್ಲ, ಆದರೆ ಅದನ್ನು ನಂಬಿ ಉಳಿದ ಐವತ್ತೊಂದು ವಾರ ಬದುಕಲಾಗದು.

ಎಣ್ಣೆ, ಚಿಗರೆಪುಡಿ, ಚಿಲಕ

ಎಣ್ಣೆಸ್ನಾನವನ್ನು ಪಟ್ಟಿಗೆ ಸೇರಿಸಿದ್ದು ಅತ್ತೆಯವರು. "ಮುಖ ಬಾಡಿದೆ, ಭಾನುವಾರ ನೆತ್ತಿಗೆ ಎಣ್ಣೆ ಇಟ್ಟುಕೊಳ್ಳಮ್ಮ" ಎಂದರು. ಅಲ್ಲಿಯವರೆಗೆ ನನಗೆ ಎಣ್ಣೆಸ್ನಾನ ಎಂದರೆ ನರಕ ಚತುರ್ದಶಿ. ಹಿಂದಿನ ಸಂಜೆ ಹಂಡೆಗೆ ನೀರು ತುಂಬಿ, ಕತ್ತಲೆಯಲ್ಲೇ ಎಬ್ಬಿಸಿ, ಅಮ್ಮ ತಲೆಗೆ ತಟ್ಟುತ್ತಿದ್ದ ಎಣ್ಣೆ, ಕಣ್ಣಿಗೆ ಇಳಿದು ಉರಿಯುತ್ತಿದ್ದ ಸೀಗೆ. ವರ್ಷಕ್ಕೊಮ್ಮೆ ಸಾಕಪ್ಪ ಎನ್ನುವಂಥ ಸಂಭ್ರಮ.

ಈಗ ಮಾಡುವ ಕ್ರಮ ಇಷ್ಟು. ಒಗ್ಗರಣೆ ಸೌಟಿನಲ್ಲಿ ಎಳ್ಳೆಣ್ಣೆ ಉಗುರು ಬೆಚ್ಚಗೆ ಕಾಯಿಸಿಕೊಳ್ಳುತ್ತೇನೆ, ಬೇಸಿಗೆಯಾದರೆ ಕೊಬ್ಬರಿ ಎಣ್ಣೆ. ಹಳೆಯ ನೈಟಿ ತೊಟ್ಟು, ಹಿತ್ತಿಲ ಬಾಗಿಲ ಬಳಿ ಮಣೆ ಹಾಕಿ ಕೂತು ಮೊದಲು ನೆತ್ತಿಗೆ. ಅಂಗೈಯಲ್ಲಿ ಎಣ್ಣೆ ಸುರಿದು ನೆತ್ತಿಯ ಮೇಲೆ ಇಟ್ಟ ಕ್ಷಣ ಅದು ಕೂದಲ ಬುಡದಲ್ಲಿ ನಿಧಾನವಾಗಿ ಕಿವಿಯ ಹಿಂದಕ್ಕೆ ಇಳಿಯುತ್ತದಲ್ಲ, ಅಲ್ಲಿಂದಲೇ ಹೆಗಲು ತಾನಾಗಿ ಕೆಳಗಿಳಿಯುತ್ತದೆ. ಆಮೇಲೆ ಕತ್ತು, ನೋಟು ಎಣಿಸಿ ಮರಗಟ್ಟಿದ ಬೆರಳಿನ ಗೆಣ್ಣುಗಳು, ಮಂಡಿಯ ಚಿಪ್ಪಿನ ಸುತ್ತ, ಕಡೆಗೆ ಹಿಮ್ಮಡಿ. ಅರ್ಧ ಮುಕ್ಕಾಲು ಗಂಟೆ ಹಾಗೇ ನೆನೆಯಬೇಕು.

ಆ ಅರ್ಧ ಮುಕ್ಕಾಲು ಗಂಟೆಯಲ್ಲೇ ಇದು ಉಳಿದೆಲ್ಲವನ್ನೂ ಸೋಲಿಸುವುದು. ಎಣ್ಣೆ ಕೈಯಲ್ಲಿ ಮೊಬೈಲ್ ಮುಟ್ಟಲಾಗದು. ಮುಟ್ಟಿದರೂ ಗಾಜು ಜಾರುತ್ತದೆಯೇ ಹೊರತು ಮಾತು ಕೇಳುವುದಿಲ್ಲ. ಸೋಫಾ ಮೇಲೆ ಕೂರುವಂತಿಲ್ಲ, ಹಾಗಾಗಿ ಟಿವಿ ಇಲ್ಲ. ಸೌಟು ಹಿಡಿಯುವಂತಿಲ್ಲ, ಬಟ್ಟೆ ಮಡಚುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಮಗಳು "ಅಮ್ಮಾ, ನನ್ನ ಬಿಳಿ ದುಪಟ್ಟಾ..." ಎಂದು ಶುರುಮಾಡಿದರೆ ಉತ್ತರ ಕೊಡುವುದು ಅವಳ ಅಜ್ಜಿ: "ಅವಳು ಎಣ್ಣೆ ಹಚ್ಚಿಕೊಂಡಿದ್ದಾಳೆ, ನೀನೇ ಹುಡುಕಿಕೋ." ಕುಕ್ಕರ್ ಕೂಗಿದರೆ ನಮ್ಮವರೇ ಎದ್ದು ಹೋಗಿ ಆರಿಸುತ್ತಾರೆ. ನಾನು ಬೇಡ ಎನ್ನಬೇಕಾಗಿಯೇ ಇಲ್ಲ. ನನ್ನ ಪರವಾಗಿ ಮನೆಯೇ ಬೇಡ ಎನ್ನುತ್ತದೆ. ಟ್ರಾಫಿಕ್ಕಿನಂತೆ ಇದಕ್ಕೂ ಮರುಪ್ರಶ್ನೆ ಇಲ್ಲ, ಆದರೆ ಇಲ್ಲಿ ಸುಳ್ಳೂ ಇಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೆ ಮತ್ತೆ ಅರ್ಧ ಗಂಟೆ. ಸಂಗೀತಕ್ಕೆ ಸಿಕ್ಕ ಮನ್ನಣೆ ಏನೋ ಮಾಡುತ್ತಿದ್ದಾಳೆ ಎಂಬುದಕ್ಕೆ ಸಿಕ್ಕಿತ್ತು, ಇಲ್ಲಿ ಸುಮ್ಮನೆ ಕೂರುವುದಕ್ಕೇ ಸಿಕ್ಕಿದೆ.

ಉಳಿದ ಅಳತೆಗಳಲ್ಲಿ ಇದರ ಸಾಧನೆ ಅಂಥದ್ದೇನಲ್ಲ ಎಂದೂ ಹೇಳಬೇಕು. ಹೊಸದನ್ನು ಕಲಿಯುವುದು ಸೊನ್ನೆ. ಮನಸ್ಸು ಕಳಚಿಕೊಳ್ಳುವುದರಲ್ಲಿ ಸಂಗೀತದ ಮುಂದೆ ನಿಲ್ಲದು. ಮೊದಲ ಹತ್ತು ನಿಮಿಷ ಸೋಮವಾರದ ಕೆಲಸಗಳೇ ತಲೆಯಲ್ಲಿ ಸುತ್ತುತ್ತವೆ. ಉಷ್ಣ ಇಳಿಯುತ್ತದೆ, ಕಣ್ಣು ತಂಪಾಗುತ್ತದೆ, ಕೂದಲು ಕಪ್ಪಾಗುತ್ತದೆ ಎಂದು ಅತ್ತೆಯವರು ಹೇಳುವುದಕ್ಕೆಲ್ಲ ನಾನು ಜಾಮೀನು ನಿಲ್ಲುವುದಿಲ್ಲ. ನನ್ನ ಕೂದಲಂತೂ ನರೆಯುತ್ತಲೇ ಇದೆ. ಅಭ್ಯಂಗದಿಂದ ಒತ್ತಡ ಇಳಿದ ಅನುಭವವಾಯಿತು ಎಂದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದೆ, ಆದರೆ ಅದು ಕೇವಲ 20 ಜನರ ಮೇಲೆ ನಡೆದದ್ದು. ಶೀತ, ಜ್ವರ ಇದ್ದಾಗ ನಾನು ಹಚ್ಚಿಕೊಳ್ಳುವುದಿಲ್ಲ. ಉದ್ದ ಕೂದಲು ಒಣಗಲು ಮಧ್ಯಾಹ್ನ ಬೇಕು, ಹಾಗಾಗಿ ಮಳೆಗಾಲದ ಎಷ್ಟೋ ಭಾನುವಾರಗಳು ತಪ್ಪಿಹೋಗುತ್ತವೆ. ಆ ದಿನ ಲಾಲ್‌ಬಾಗೇ ಗತಿ, ಕೊಡೆ ಹಿಡಿದು.

ಸ್ನಾನ ಮುಗಿಸಿ ಬಂದರೆ ಅನ್ನ, ಮೆಣಸಿನ ಸಾರು, ತುಪ್ಪ. ಉಂಡ ಮೇಲೆ ಬರುವ ನಿದ್ದೆಯನ್ನು ತಡೆಯಬೇಕು ಎನ್ನುತ್ತಾರೆ ಹಿರಿಯರು. ನಾನು ತಡೆಯುವುದಿಲ್ಲ.

ವಾರದ ನಡುವೆ ಇದು ಆಗದ ಮಾತು. ಹಾಗಾಗಿ ಮೊಬೈಲಿನ ರಾತ್ರಿಗೆ ಬದಲಾಗಿ ಬಿಸಿನೀರಿನ ರಾತ್ರಿಯನ್ನು ಹೂಡಿ ನೋಡಿದೆ. ಮಲಗುವ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿ ಬಿಸಿಯ ನೀರಿನಲ್ಲಿ ಸ್ನಾನ ಮಾಡಿದರೆ ನಿದ್ದೆ ಸರಾಸರಿ 10 ನಿಮಿಷ ಬೇಗ ಹತ್ತುತ್ತದೆ ಎಂದು 2019ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ಹೇಳಿತ್ತು. ಒಂಬತ್ತೂವರೆಗೆ ಮೊಬೈಲನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗುತ್ತೇನೆ. ಮಾರ್ಚ್ ಕೊನೆಯ ವಾರ ಬಿಟ್ಟು ಉಳಿದ ದಿನಗಳಲ್ಲಿ ಬಹುಮಟ್ಟಿಗೆ ನಡೆಯುತ್ತಿದೆ. ಅಡುಗೆಕಟ್ಟೆ ಒರೆಸುವುದು, ಹಾಲಿಗೆ ಹೆಪ್ಪು ಹಾಕುವುದು ಈಗ ನಮ್ಮವರ ಪಾಲಿಗೆ ಬಂದಿದೆ. ಬದಲಿಗೆ ಅವರು ಶನಿವಾರ ಬೆಳಗಿನ ಎಣ್ಣೆಸ್ನಾನವನ್ನು ತಮ್ಮದೆಂದು ಕಾಯ್ದಿರಿಸಿಕೊಂಡಿದ್ದಾರೆ, ಅವರ ಕುಕ್ಕರನ್ನು ನಾನು ಆರಿಸುತ್ತೇನೆ.

ಶುರುಮಾಡುವವರಿಗೆ ಕೆಲವು ಮಾತು. ಶಾಂಪೂವಿನಲ್ಲಿ ಎಳ್ಳೆಣ್ಣೆ ಸುಲಭಕ್ಕೆ ಬಿಡುವುದಿಲ್ಲ. ಸೀಗೆಪುಡಿಗೆ ಚಿಗರೆಪುಡಿ ಬೆರೆಸಿಕೊಳ್ಳಿ, ಎರಡೂ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಗಂಜಿಯ ಹದಕ್ಕೆ ಕಲಸಿ, ಕಣ್ಣು ಮುಚ್ಚಿಕೊಂಡೇ ಹಚ್ಚಿ. ಬಚ್ಚಲ ಕಿಂಡಿಗೆ ಜಾಲರಿ ಇರಲಿ, ಇಲ್ಲದಿದ್ದರೆ ಪುಡಿ ಕಟ್ಟಿಕೊಂಡು ಪ್ಲಂಬರ್ ಬರುವುದು ಮತ್ತೆ ಶನಿವಾರವೇ. ಸ್ನಾನವಾದ ಕೂಡಲೇ ನೆಲಕ್ಕೆ ಕುದಿನೀರು ಸುರಿದು ಉಜ್ಜಿಬಿಡಿ, ನಿಮ್ಮ ಹಿಂದೆ ಬಚ್ಚಲಿಗೆ ಹೋಗುವ ವಯಸ್ಸಾದವರು ಜಾರಬಾರದು.